ದಾರ ಕತ್ತರಿಸಿದ ದಿನ

ಸುಣ್ಣದಮರಡಿಯ ಮಠವೆಂದರೆ ಮಹಾದ್ವಾರವನ್ನೂ ಕಲ್ಲಿನ ಕಂಬಗಳನ್ನೂ ನೆನೆಯಬೇಡಿ. ನೇಕಾರರ ಓಣಿಯ ಕೊನೆಯಲ್ಲಿ ತಗಡು ಹೊದಿಸಿದ ಎರಡು ಕೋಣೆ, ಮುಂದೊಂದು ಅಂಗಳ, ಹಿಂದೆ ಹಿರಿಯ ಗುರುಗಳ ಗದ್ದುಗೆ, ಇಷ್ಟೇ. ಪರಮಪೂಜ್ಯ ಶ್ರೀ ಸೋಮಲಿಂಗ ಅಪ್ಪನವರು ಅಲ್ಲಿ ನಲವತ್ತು ವರ್ಷ ವಾಸವಾಗಿದ್ದರು. ದಾಸೋಹದ ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದು ಅವರ ನಿತ್ಯದ ಕಾಯಕ. ದರ್ಶನಕ್ಕೆ ಬಂದವರು ಎಷ್ಟೇ ದೊಡ್ಡವರಿರಲಿ, ಅವರ ಮುಂದೆಯೂ ಒಂದು ಮೊರ ಸರಿಸಿಬಿಡುತ್ತಿದ್ದರು.

ನಾನು ಶೇಖರಯ್ಯ, ಆ ಮಠದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಅಪ್ಪನವರ ದೊಡ್ಡತನ ಹೇಳಲು ಕುಳಿತಿದ್ದೇನೆ. ಆದರೆ ನನ್ನ ನಾಚಿಕೆಗೇಡನ್ನು ಮುಚ್ಚಿಟ್ಟು ಅದನ್ನು ಹೇಳಲು ಬರುವುದಿಲ್ಲ.

ಮಠದಲ್ಲೊಂದು ವಾಡಿಕೆಯಿತ್ತು. ಅಮಾವಾಸ್ಯೆಯ ದಿನ ಕುಡಿಯುವವರು ಬಂದು ಗದ್ದುಗೆಯ ಮೇಲೆ ಕೈಯಿಟ್ಟು ‘ಇನ್ನು ಮುಟ್ಟುವುದಿಲ್ಲ’ ಎಂದು ಆಣೆ ಮಾಡುತ್ತಿದ್ದರು. ನಾನು ಅವರ ಬಲಗೈಗೆ ಕಾವಿಯ ದಾರ ಕಟ್ಟುತ್ತಿದ್ದೆ. ಆಣೆ ಮುರಿದವನ ದಾರವನ್ನು ನಡು ಓಣಿಯಲ್ಲಿ, ಹತ್ತು ಜನರೆದುರು ಕತ್ತರಿಸುವುದೂ ನನ್ನದೇ ಕೆಲಸ. ಈ ಕತ್ತರಿಸುವ ಏರ್ಪಾಡು ನಾನೇ ತಂದದ್ದು. ಮಾನ ಹೋದರೆ ಕುಡಿತ ಬಿಟ್ಟಾನು ಎಂಬುದು ನನ್ನ ವೇದಾಂತ. ಕತ್ತರಿ ಯಾವಾಗಲೂ ಜೇಬಿನಲ್ಲೇ. ದರ್ಜಿಯೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ.

ಮಾನಪ್ಪ ಹಟಗಾರ ಎಂಬ ನೇಕಾರ ಹದಿನಾರು ವರ್ಷ ಕುಡಿದವನು. ಮುಂಜಾನೆ ಒಂದಿಷ್ಟು ಹೊಟ್ಟೆಗೆ ಬೀಳದಿದ್ದರೆ ಅವನ ಕೈ ನಡುಗಿ ಮಗ್ಗದ ಮೇಲೆ ನಿಲ್ಲುತ್ತಿರಲಿಲ್ಲ. ಆಷಾಢದ ಅಮಾವಾಸ್ಯೆಗೆ ಅವನೂ ಬಂದು ಆಣೆ ಮಾಡಿದ. ಅವನ ಹೆಂಡತಿ ದಾನವ್ವ ಅಂದು ಅತ್ತದ್ದು ಸಂತೋಷಕ್ಕೆ.

ಮೂರನೆಯ ದಿನ ಮಧ್ಯಾಹ್ನ ಓಣಿಯಲ್ಲಿ ಗದ್ದಲವೆದ್ದಿತು. ಮಾನಪ್ಪ ಮನೆಯಿಂದ ಹೊರಬಿದ್ದು, ಮೈಮೇಲಿಂದ ಇಲ್ಲದ ಇರುವೆಗಳನ್ನು ಕೊಡವುತ್ತ, ಇಲ್ಲದ ಜನರೊಡನೆ ಜಗಳವಾಡುತ್ತಿದ್ದ. ಮೈಯೆಲ್ಲ ಬೆವರು, ನಡುಕ. ‘ಮತ್ತ ಏರಿಸ್ಯಾನ ನೋಡ್ರಿ’ ಎಂದು ಜನ ನಗುತ್ತಿದ್ದರು. ನಾನು ಕತ್ತರಿ ಹಿಡಿದೇ ಹೋದೆ.

ದಾನವ್ವ ಅಡ್ಡ ಬಂದಳು. “ಅಯ್ನಾರ, ಮೂರು ದಿನಾತು, ಇವ್ರು ಒಂದು ಹನಿ ಮುಟ್ಟಿಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಮ್ಮೆ ಬಾಯಿ ಮೂಸಿ ನೋಡ್ರಿ.”

“ನಿನ್ನ ಗಂಡನ ಬಾಯಿ ಮೂಸೋದೊಂದು ಬಾಕಿ ಇತ್ತು ನನಗ” ಎಂದೆ. ಜನ ಮತ್ತಷ್ಟು ನಕ್ಕರು. ಅವನ ಕೈ ಹಿಡಿದೆಳೆದು ದಾರ ಕತ್ತರಿಸಿದೆ.

“ನಾ ಮುಟ್ಟಿಲ್ರಿ... ನಾ ಮುಟ್ಟಿಲ್ಲ” ಎನ್ನುತ್ತಲೇ ಅವನ ಕಣ್ಣು ಮೇಲಾದವು. ಕಟ್ಟಿಗೆಯಂತೆ ಸೆಟೆದು ನೆಲಕ್ಕೆ ಬಿದ್ದು ಒದ್ದಾಡಿದ. ಬಾಯಲ್ಲಿ ನೊರೆ ಬಂತು.

ಯಾರು ಹೇಳಿದರೋ ತಿಳಿಯದು, ಅಪ್ಪನವರು ಬರಿಗಾಲಲ್ಲಿ ಬಂದೇಬಿಟ್ಟರು. ಧೂಳಿನಲ್ಲಿ ಕುಳಿತು, ಒದ್ದಾಟ ನಿಂತ ಮೇಲೆ ಮಾನಪ್ಪನನ್ನು ಮಗ್ಗುಲಾಗಿ ಹೊರಳಿಸಿದರು. ಅವನ ಬಾಯಿ, ಗದ್ದವೆಲ್ಲ ನೊರೆ, ವಾಂತಿ. ಪೂಜ್ಯರು ಬಾಗಿ ಆ ಬಾಯಿಯ ಹತ್ತಿರಕ್ಕೆ ಮೂಗನ್ನು ಒಯ್ದರು.

“ಇಂವ ಕುಡದಿಲ್ಲ” ಎಂದು ಅವರು ತಲೆಯೆತ್ತಿದರು. ಆಮೇಲೆ ನನ್ನ ಕಡೆ ನೋಡಿದರು. “ಶೇಖರಯ್ಯಾ, ಇಂವ ಆಣಿ ಮುರದಿಲ್ಲ. ಆಣಿನೇ ಇವನ್ನ ಮುರದೈತಿ. ಗಾಡಿ ತರ್ರಿ.”

ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ವೈದ್ಯೆ. ಸೂಜಿಮದ್ದು ಕೊಟ್ಟು, ಸಲಾಯಿನ್ ಹಚ್ಚಿ, ದಾನವ್ವನಿಂದ ಆಣೆಯ ಸಂಗತಿ ಕೇಳಿಕೊಂಡು ಹೊರಗೆ ಬಂದವರೇ ಸಿಟ್ಟಾದರು. “ಇಷ್ಟು ವರ್ಷ ಕುಡಿದವರು ಒಮ್ಮೆಲೇ ಬಿಟ್ರ ಹಿಂಗ ಆಗ್ತದ್ರಿ. ಜೀವಾನೂ ಹೋಗ್ತದ. ಇದು ರೋಗ. ದವಾಖಾನ್ಯಾಗ ಇಟಗೊಂಡು, ಔಷಧ ಕೊಟ್ಟು ಬಿಡಿಸಬೇಕು. ಇವರಿಗೆ ಆಣೆ ಮಾಡಿಸಿದವರು ಯಾರು?”

ನಾನು ನೆಲ ನೋಡಿದೆ. ಅಪ್ಪನವರು ಆ ಹೆಣ್ಣುಮಗಳಿಗೆ ಎರಡೂ ಕೈ ಜೋಡಿಸಿದರು.

“ನಾನವ್ವಾ. ತಪ್ಪಾತು.”

ಒಂಬತ್ತು ದಿನ ಅವರು ಅಲ್ಲಿಯೇ ಉಳಿದರು. ಮಾನಪ್ಪ ಎದ್ದು ಕುಳಿತ. ಆಮೇಲೆ ಗುಳಿಗೆ, ವಾರಕ್ಕೊಮ್ಮೆ ವೈದ್ಯರ ಭೇಟಿ, ಕುಡಿತ ಬಿಟ್ಟವರೊಡನೆ ಕುಳಿತು ಮಾತಾಡುವುದು, ಹೀಗೆ ಚಿಕಿತ್ಸೆ ನಡೆಯಿತು. ವರ್ಷದೊಳಗೆ ಅವನು ಎರಡು ಸಲ ಜಾರಿದ್ದೂ ಉಂಟು. ಎರಡು ಸಲವೂ ಪೂಜ್ಯರು ಬಯ್ಯದೆ ಮತ್ತೆ ಆಸ್ಪತ್ರೆಗೇ ಕಳಿಸಿದರು.

ನನ್ನ ಮೊಂಡುತನ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಆ ಒಂಬತ್ತು ದಿನ ಮುಗಿಸಿ ಊರಿಗೆ ಮರಳುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ: “ಅಪ್ಪಾರ, ರೋಗ ಅಂದುಬಿಟ್ರ ಕುಡುಕರಿಗೆ ಒಂದು ನೆವ ಸಿಕ್ಕಂಗ ಆಗೂದಿಲ್ಲೇನ್ರಿ?”

ಅವರು ಜೋಳಿಗೆಯಿಂದ ತಮ್ಮ ಸಕ್ಕರೆ ರೋಗದ ಗುಳಿಗೆ ತೆಗೆದರು. “ಹನ್ನೆರಡು ವರ್ಷಾತು ಇದನ್ನ ನುಂಗಾಕತ್ತಿ. ಆದ್ರೂ ಹೋದ ಹಬ್ಬಕ್ಕ ಹೋಳಿಗಿ ತಿಂದೆ. ಬಡಿಸಿದವರು ನೀವ. ನನ್ನ ದಾರ ಯಾಕ ಕತ್ತರಿಸಲಿಲ್ಲ?”



ಮುಂದಿನ ಅಮಾವಾಸ್ಯೆಗೆ ಆಣೆ ನಡೆಯಲಿಲ್ಲ. ಬಿಡಬೇಕೆನ್ನುವವರು ಬುಧವಾರ ಬನ್ನಿ, ಕೂಡಿ ದವಾಖಾನೆಗೆ ಹೋಗೋಣ, ಎಂದಷ್ಟೇ ಅಪ್ಪನವರು ಅಪ್ಪಣೆ ಕೊಡಿಸಿದರು. ನಾನು ಎದ್ದು ನಿಂತು, ಮಾನಪ್ಪನ ವಿಷಯದಲ್ಲಿ ತಪ್ಪು ಮಾಡಿದೆನೆಂದು ಸಭೆಗೆ ಕೈಮುಗಿದೆ. ಮನಸ್ಸು ಹಗುರಾಯಿತು. ನಿಜ ಹೇಳಬೇಕೆಂದರೆ, ನನ್ನ ದೊಡ್ಡ ಮನಸ್ಸನ್ನು ನಾನೇ ಮೆಚ್ಚಿಕೊಂಡೆ.

ದಾನವ್ವ ಹೆಂಗಸರ ಸಾಲಿನಿಂದ ಎದ್ದಳು. “ಇಲ್ಲಿ ಹೇಳಿದ್ರ ಏನ್ ಬಂತ್ರಿ ಅಯ್ನಾರ? ನೀವು ಮಾನಾ ಕಳದಿದ್ದು ಓಣ್ಯಾಗ. ಅವತ್ತ ನಕ್ಕವರು ಯಾರೂ ಇಲ್ಲಿ ಬಂದಿಲ್ಲ. ನನ್ನ ಮಗಳು ನೀರಿಗೆ ಹೋದ್ರ ಈಗೂ ನಗತಾರ.”

ಕಾಪಾಡಿಯಾರೆಂದು ಪೂಜ್ಯರ ಕಡೆ ನೋಡಿದೆ.

“ಖರೇ ಐತಿ” ಎಂದರು ಅವರು. “ಹೋಗ್ರಿ.”

ಮರುದಿನ ಹೋದೆ. ಮೂವತ್ತೊಂದು ಮನೆ. ಪ್ರತಿ ಹೊಸ್ತಿಲಲ್ಲೂ ನಿಂತು ಒಂದೇ ಮಾತು: “ಮಾನಪ್ಪ ಅವತ್ತು ಕುಡದಿರಲಿಲ್ಲ. ಬಿಟ್ಟಿದ್ದಕ್ಕ ನಡುಗತಿದ್ದ. ನಾನು ವಿಚಾರ ಮಾಡದ ಅವನ ಮಾನಾ ಕಳದೆ.” ಕೆಲವರು ಮಗ್ಗ ನಿಲ್ಲಿಸಿ ಕೇಳಿದರು. ಕೆಲವರು ಮುಸಿಮುಸಿ ನಕ್ಕರು, ಈ ಸಲ ನನ್ನನ್ನು ನೋಡಿ. ಮೈ ಹಿಡಿಯಷ್ಟಾಯಿತು.

ಓಣಿಯ ತುದಿಯಲ್ಲಿ ಗೌರವ್ವನ ಮನೆ. ಮೂರು ವರ್ಷದ ಹಿಂದೆ ಅವಳ ಮಗನ ದಾರವನ್ನೂ ನಾನೇ ಕತ್ತರಿಸಿದ್ದೆ. ಅದಾದ ಎರಡನೆಯ ದಿನಕ್ಕೆ ಅವನು ಸತ್ತಿದ್ದ. ಕುಡಿದು ಸತ್ತನೆಂದು ಊರಿಗೆಲ್ಲ ಹೇಳಿದ್ದೂ ನಾನೇ. ಮುದುಕಿ ನನ್ನ ಮಾತನ್ನು ಪೂರ್ತಿ ಕೇಳಿದಳು.

“ನನ್ನ ಮಗಾನೂ ಹಂಗ ನಡುಗಿದ್ದ” ಎಂದಳು. “ಅಂವನೂ ಕುಡದಿದ್ದಿಲ್ಲೇನ್ರಿ ಹಂಗಾರ?”

ಹೊಸ್ತಿಲ ಮೇಲೆ ಕುಸಿದು ಕುಳಿತು ಮಗುವಿನಂತೆ ಅತ್ತೆ. “ಗೊತ್ತಿಲ್ಲವ್ವಾ” ಎಂದೆ. ಅದಕ್ಕಿಂತ ಹೆಚ್ಚಿನ ಸತ್ಯ ನನ್ನ ಬಳಿ ಇರಲಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಯ್ಯಲಿಲ್ಲ, ಕ್ಷಮಿಸಿದೆನೆಂದೂ ಅನ್ನಲಿಲ್ಲ.

“ಮಗ್ಗಲ ಮನಿ ಕಾಡಪ್ಪ ನಿನ್ನೆಯಿಂದ ಕುಡಿಯೋದು ಬಿಟ್ಟು ನಡುಗಾಕತ್ಯಾನ” ಎಂದಳು. “ಬುಧವಾರ ಅವನ್ನ ಕರಕೊಂಡು ಹೋಗ್ರಿ.”

ನಾನು ಬುಧವಾರದವರೆಗೆ ಕಾಯಲಿಲ್ಲ.