ತಿಪ್ಪೇಶ ಸ್ಕ್ರೀನು ಓಡಿಸಿದ್ದು

ಕೇಳ್ರಪ್ಪ, ನಗೋದನ್ನ ಕೊನೆಗಿಟ್ಕೊಂಡು ಕೇಳ್ರಿ. ಚಳ್ಳಕೆರೆ ಕಡೆ ಒಂದು ಎಣ್ಣೆ ಮಿಲ್ಲು. ಅಲ್ಲಿ ಶೇಂಗಾ ಆರಿಸೋ ಕೆಂಚಮ್ಮಂಗೆ ಒಬ್ನೇ ಮಗ, ತಿಪ್ಪೇಶ. ಹೇಳಿದ್ದನ್ನೆಲ್ಲಾ ಮಾಡ್ತಾನೆ, ಹೇಳಿದ್ದಷ್ಟೇ ಮಾಡ್ತಾನೆ. ಅವಳು ಮಿಲ್ಲಿನ ಸಾಹುಕಾರ್ರ ಕಾಲು ಹಿಡಿದು ಆಫೀಸಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋ ಕೆಲಸ ಕೊಡಿಸಿದ್ಲು.

"ಇದೂ ಹೋದ್ರೆ ನಿಂಗೆ ಇನ್ಯಾರೂ ಕೆಲಸ ಕೊಡಲ್ಲ ಕಣೋ!"

"ಆಯ್ತಮ್ಮ."

ದೊಡ್ಡ ಕಂಪ್ಯೂಟರು ಹಿಂದಿನ ರೂಮಲ್ಲಿ. ಮುಂದೆ ಗುಮಾಸ್ತರ ಹತ್ರ ಬರೀ ಸ್ಕ್ರೀನು, ಕೀಬೋರ್ಡು. ಮಧ್ಯೆ ವೈರು. ಇಲ್ಲಿ ಒತ್ತಿದ ಅಕ್ಷರ ಒಳಗೆ ಹೋಗಿ ಬಂದು ಸ್ಕ್ರೀನಲ್ಲಿ ಕಾಣೋ ಹೊತ್ತಿಗೆ ಗುಮಾಸ್ತನ ಟೀ ಮುಗೀತಿತ್ತು. ಕಂಪ್ಯೂಟರಿಂದ ಬಿಲ್ಲಿನ ಚೀಟಿ ಬರದೆ ಲಾರಿಗೆ ಗೇಟು ತೆಗಿಯಲ್ಲ. ಗೇಟಲ್ಲಿ ಲಾರಿ ಸಾಲು, ಹಾರನ್ನು, ಬೈಗುಳ.

"ವೈರಲ್ಲಿ ಎಲ್ಲೋ ತಡೀತಿದೆ, ನೋಡಯ್ಯ" ಅಂದ್ರು ಮ್ಯಾನೇಜರ್ ಹಾಲಪ್ಪ.

ತಿಪ್ಪೇಶ ಮೇಜಿನ ಕೆಳಗೆ ಕೂತು ವೈರು ನೋಡ್ದ. ಬೆಳಗ್ಗೆಯಿಂದ ಸಂಜೆವರೆಗೂ ನೋಡ್ದ.

"ಏನಯ್ಯಾ ಕಂಡಿದ್ದು?"

"ಏನೂ ಇಲ್ಲ ಸಾರ್. ಒಂದಕ್ಷರನೂ ಈ ಕಡೆ ಹಾಯ್ಲಿಲ್ಲ!"

ಹಾಲಪ್ಪ ಬೈದ್ರು. ಮನೇಲಿ ಅಮ್ಮನೂ ಬೈದ್ಲು. "ನೋಡ್ತಾ ಕೂತ್ರೆ ಆಗುತ್ತೇನೋ ದಡ್ಡ? ಕಿತ್ತು, ಊದಿ, ಮತ್ತೆ ಸಿಕ್ಕಿಸ್ಬೇಕು!"

"ಆಯ್ತಮ್ಮ."

ಮರುದಿನ ಗುಮಾಸ್ತರು ಕಷ್ಟಪಟ್ಟು ಬಿಲ್ಲು ಅರ್ಧ ಮಾಡಿದ್ರು. ತಿಪ್ಪೇಶ ಬಂದ. ಎಲ್ಲಾ ವೈರು ಕಿತ್ತ. ಊದ್ದ. ಬಿಲ್ಲೆಲ್ಲಾ ಹೋಯ್ತು. ಊದಿ ಊದಿ ಸುಸ್ತಾಗಿ ಒಂದಷ್ಟು ತುದಿ ಹಂಗೇ ನೇತಾಡ್ಕೊಂಡು ಉಳಿದ್ವು.

"ನೇತಾಡೋಕೆ ಬಿಟ್ಟು ಬಂದ್ಯಾ?" ಹಣೆ ಚಚ್ಚಿಕೊಂಡ್ಲು ಕೆಂಚಮ್ಮ. "ತುದಿ ಕಂಡ್ರೆ ಖಾಲಿ ತೂತಿಗೆ ಸಿಕ್ಕಿಸ್ಬೇಕು ಕಣೋ!"

"ಆಯ್ತಮ್ಮ."

ಎಲ್ಲಾ ವೈರು ಬಂದು ಸೇರೋ, ಸಣ್ಣ ಸಣ್ಣ ದೀಪ ಮಿನುಗೋ ಡಬ್ಬಿ ಒಂದಿತ್ತು. ಮರುದಿನ ಹೋಗಿ ಕಂಡ ತುದೀನೆಲ್ಲಾ ಅದರ ಖಾಲಿ ತೂತಿಗೆ ಸಿಕ್ಕಿಸ್ದ. ಒಂದು ವೈರಿನ ಎರಡೂ ತುದಿ ಅದೇ ಡಬ್ಬಿಗೆ! ಡಬ್ಬಿ ದೀಪ ಮದುವೆ ಮನೆ ಸೀರಿಯಲ್ ಸೆಟ್ಟಿನಂಗೆ ಮಿಣಮಿಣ. ಸ್ಕ್ರೀನಲ್ಲಿ ಅಕ್ಷರ ನಿಧಾನವಾಗೂ ಬರ್ಲಿಲ್ಲ, ಬೇಗನೂ ಬರ್ಲಿಲ್ಲ. ಬರ್ಲೇ ಇಲ್ಲ.

ಚಿತ್ರದುರ್ಗದಿಂದ ಮೆಕ್ಯಾನಿಕ್ಕು ಬಂದ. "ಯಾರ್ರೀ ಈ ಪುಣ್ಯಾತ್ಮ? ಡಬ್ಬಿ ತಾನು ಹೇಳಿದ್ದನ್ನ ತಾನೇ ಕೇಳ್ಕೊಂಡು, ಮತ್ತೆ ತಾನೇ ಹೇಳ್ತಾ ಕೂತಿದೆ. ನಿಮ್ಮ ಮೀಟಿಂಗ್ ಥರ!" ಆ ವೈರು ಕಿತ್ತ. ಇಲಿ ಕಡಿದಿದ್ದ ಇನ್ನೊಂದನ್ನ ಬದಲಾಯಿಸ್ದ. ಒತ್ತಿದ್ರೆ ಟಕ್, ಅಕ್ಷರ! ಹಾಲಪ್ಪಂಗೆ ಕಣ್ಣಲ್ಲಿ ನೀರು.

"ನಾಳೆ ಸಾಹುಕಾರ್ರು ಬರ್ತಾರೆ ತಿಪ್ಪೇಶ. ಹೀಗೇ ಓಡ್ತಿದ್ರೆ ನಿನ್ನ ಕೆಲಸ ಉಳೀತು. ಇಲ್ಲಾಂದ್ರೆ ಮನೆಗೆ."

ಕೆಂಚಮ್ಮ ದೇವರಿಗೆ ಕೈ ಮುಗಿದ್ಲು. "ಇನ್ನು ಯಾರೂ ಅದಕ್ಕೆ ಕೈ ಹಚ್ಚದಂಗೆ ಕಾಯಿ ಮಗನೇ!"

"ಆಯ್ತಮ್ಮ."

ಬೆಳಗ್ಗೆ ಸಾಹುಕಾರ್ರು ಬಂದ್ರು. ಗೇಟಿಂದ ರಸ್ತೆವರೆಗೂ ಲಾರಿ. ಗುಮಾಸ್ತರೆಲ್ಲಾ ಬಿಸಿಲಲ್ಲಿ. ಆಫೀಸಿಗೆ ಒಳಗಿಂದ ಚಿಲಕ.

"ಯಾವನೋ ಒಳಗೆ?"

"ನಾನು ತಿಪ್ಪೇಶ, ಸಾಹುಕಾರ್ರೇ! ಸ್ಕ್ರೀನು ಭಾಳ ಚೆನ್ನಾಗಿ ಓಡ್ತಿದೆ!"

"ಬಾಗಿಲು ತೆಗಿಯೋ! ಇವ್ರು ಕೆಲಸ ಮಾಡ್ಬೇಕು!"

"ಇವ್ರು ಕೆಲಸ ಮಾಡಿದಾಗ್ಲೇ ಅಲ್ವಾ ಸಾಹುಕಾರ್ರೇ, ನಿಧಾನ ಆಗ್ತಿದ್ದಿದ್ದು?"

ಸಾಹುಕಾರ್ರು ಬಾಗಿಲು ಗುದ್ದಿದ್ರು. "ನಿನ್ನ ಕೆಲಸ ಹೋಯ್ತು! ಮನೆಗೆ ನಡಿ!"

ಕೆಂಚಮ್ಮ ಓಡಿ ಬಂದು ಕಿಟಕಿ ಹಿಡ್ಕೊಂಡು ಅತ್ಲು. "ಹೊರಗೆ ಬಾರೋ ಮುಂಡೇದೇ!"

"ನೀನು ಸುಮ್ನಿರಮ್ಮ. ನಾನು ಮನೆಗೆ ಬಂದ್ರೆ ಇದನ್ನ ಕಾಯೋರ್ಯಾರು?"

ಒಳಗೆ ಸ್ಕ್ರೀನೆಲ್ಲಾ ಥಳಥಳ ಅಂತಿದ್ವು. ಅವತ್ತು ಒಂದಕ್ಷರನೂ ತಡವಾಗ್ಲಿಲ್ಲ.