ಫ್ಯೂಸಿನ ಜಾಗಕ್ಕೆ ಬಂದ ತಂತಿ

ಮಂಗಳೂರಿನ ಮದುವೆ ಬ್ಯಾಂಡೊಂದರಲ್ಲಿ ಬೇಸ್ ಗಿಟಾರಿನ ಹಳೆಯ ಆಂಪ್ಲಿಫೈಯರ್ ಇತ್ತು. ಬ್ಯಾಂಡು ನಡೆಯುತ್ತಿರುವುದೇ ತನ್ನಿಂದ ಎಂದು ಅದರ ನಂಬಿಕೆ. ಈಚೆಗೆ ಅದರ ಕೆಪಾಸಿಟರುಗಳು ಹಳತಾಗಿ ಕೆಟ್ಟಿದ್ದವು. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆಲ್ಲ ಫ್ಯೂಸ್ ಸುಟ್ಟುಹೋಗುತ್ತಿತ್ತು.

ಹೊಸದಾಗಿ ಬಂದ ಫ್ಯೂಸೊಂದು ಹೇಳಿತು: “ಅಣ್ಣಾ, ತಪ್ಪು ನನ್ನದಲ್ಲ. ನಿಮ್ಮೊಳಗೆ ಎಲ್ಲೋ ಕರೆಂಟು ಸೋರುತ್ತಿದೆ. ಹಾಡು ನಿಲ್ಲಿಸಿ, ರಿಪೇರಿಯವರಿಗೆ ಬಿಚ್ಚಿ ತೋರಿಸಿಕೊಳ್ಳಿ.”

“ನಿನಗಿಂತ ಮುಂಚೆ ಬಂದವರೂ ಇದನ್ನೇ ಹೇಳಿ ಸತ್ತರು. ನನಗೆ ಬೇಕಾದ್ದು ಉಪದೇಶವಲ್ಲ, ಗಟ್ಟಿತನ,” ಎಂದಿತು ಆಂಪ್ಲಿಫೈಯರ್.

ಆ ಫ್ಯೂಸೂ ಸುಟ್ಟುಹೋಯಿತು. ಸಂಜೆಗೆ ರಿಸೆಪ್ಶನ್ ಇತ್ತು. ಗಿಟಾರ್ ನುಡಿಸುವ ಐವನ್ ಬೇರೆ ದಾರಿ ತೋಚದೆ ಫ್ಯೂಸಿನ ಜಾಗದಲ್ಲಿ ದಪ್ಪನೆಯ ತಾಮ್ರದ ತಂತಿಯೊಂದನ್ನು ಸಿಕ್ಕಿಸಿದ.

“ನೀನೂ ದೂರು ಹೇಳುವವನೋ?” ಎಂದು ಆಂಪ್ಲಿಫೈಯರ್ ಕೇಳಿತು.

“ಇಲ್ಲ ಸ್ವಾಮಿ. ಬಂದದ್ದನ್ನೆಲ್ಲ ಒಳಗೆ ಬಿಡುವುದಷ್ಟೇ ನನಗೆ ಗೊತ್ತು.”

ಆಂಪ್ಲಿಫೈಯರಿಗೆ ಹೋದ ಜೀವ ಬಂದಂತಾಯಿತು. ಆ ಸಂಜೆ ಅದು ಸಭಾಂಗಣದ ನೆಲ ನಡುಗುವಂತೆ ಹಾಡಿತು. ಹಾಡುತ್ತಿದ್ದಂತೆ ಹೊಟ್ಟೆಯೊಳಗಿನ ಟ್ರಾನ್ಸ್‌ಫಾರ್ಮರ್ ಕಾದು ಹೊಗೆಯಾಡತೊಡಗಿತು. ನಿಲ್ಲಿಸೋಣವೆಂದರೆ, ತಾನು ಸುಟ್ಟು ಕರೆಂಟು ತಡೆಯುವ ಫ್ಯೂಸು ಈಗ ಇರಲಿಲ್ಲ.

“ಇಷ್ಟು ಬೇಯುವ ಮೊದಲು ಒಂದು ಮಾತು ಹೇಳಬಾರದಿತ್ತೇ?” ಎಂದು ಅದು ನರಳಿತು.

“ಹೇಳದವನೆಂದೇ ಅಲ್ಲವೇ ನೀವು ನನ್ನನ್ನು ಮೆಚ್ಚಿದ್ದು?” ಎಂದಿತು ತಂತಿ.

ಮರುದಿನ ರಿಪೇರಿಯವರು ಬಿಚ್ಚಿ ನೋಡಿ, “ಇಂಥ ಟ್ರಾನ್ಸ್‌ಫಾರ್ಮರ್ ಇನ್ನೆಲ್ಲೂ ಸಿಗುವುದಿಲ್ಲ ಐವನ್,” ಎಂದರು. ಒಳಗೆಲ್ಲ ಕರಿ ಹಿಡಿದಿತ್ತು. ತಂತಿಯೊಂದೇ ಏನೂ ಆಗಿಲ್ಲವೆಂಬ ಹಾಗೆ ಹೊಳೆಯುತ್ತಿತ್ತು.