ರಾಜನ ನಡಿಗೆ

ಗದುಗಿನ ಒಂದು ಆಸ್ಪತ್ರೆಯಲ್ಲಿ ಗುರುಸಿದ್ದಪ್ಪ ಎಂಬ ಮುದುಕ ಮಲಗಿದ್ದ. ನಾಟಕ ಕಂಪನಿಯಲ್ಲಿ ಆಯುಷ್ಯವೆಲ್ಲ ರಾಜನ ಪಾತ್ರ ಮಾಡಿದವನು. ಮುರಿದ ಕಾಲಿಗೆ ಆಪರೇಷನ್ ಆಗಿತ್ತು. ಈಗ ಎದ್ದು ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಎಬ್ಬಿಸಲು ಹೋದವರ ಮೇಲೆಲ್ಲ ಅವನು ಗುಡುಗುತ್ತಿದ್ದ.

"ನನ್ನ ಮುಟ್ಟಬ್ಯಾಡ್ರಿ! ದೊಡ್ಡ ಡಾಕ್ಟರ ಬಂದು ಕೈಮುಗದು ಕೇಳ್ಲಿ!"

ನರ್ಸ್ ದಾಕ್ಷಾಯಣಿಗೆ ಆ ಗುಡುಗಿನ ಹಿಂದೆ, ಎಲ್ಲಿ ಬಿದ್ದುಬಿಡುವೆನೋ ಎಂಬ ಭಯ ಕೇಳಿಸಿತು. ಅವಳು ಸ್ಟೂಲ್ ಎಳೆದು ಪಕ್ಕದಲ್ಲಿ ಕುಳಿತಳು.

"ಅಜ್ಜಾರ, ನಾ ಕಂಪನಿ ನಾಟಕ ನೋಡೇ ಇಲ್ರಿ. ರಾಜ ರಂಗದ ಮ್ಯಾಲ ಹೆಂಗ ಬರತಿದ್ದ?"

ಮುದುಕನ ಮುಖ ಅರಳಿತು. ಜರಿ ಅಂಗಿ, ಕಿರೀಟ, ಮುಂದಿನ ಸಾಲಿನವರ ಸಿಳ್ಳೆ ಎಲ್ಲವನ್ನೂ ವರ್ಣಿಸಿದ. ಅವಳು ಮನಸಿಟ್ಟು ಕೇಳಿದಳು.

"ಆದ್ರ ನಡಿಗಿ ಹೆಂಗಿತ್ತು ತಿಳೀಲಿಲ್ರಿ."

"ಮಲಗಿ ಹೆಂಗ ತೋರಸ್ಲಿ? ಹಿಡಿ ಕೈ!"

ಅವಳ ಆಸರೆಯಲ್ಲಿ ಎದ್ದ. ವಾಕರ್ ಊರಿ, ಎದೆ ಸೆಟೆಸಿ ಕಿಟಕಿಯವರೆಗೆ ನಡೆದ. ವಾರ್ಡೆಲ್ಲ ಚಪ್ಪಾಳೆ ತಟ್ಟಿತು. ಆಗ ಅವನಿಗೆ ಹೊಳೆಯಿತು.

"ಏ ಕಳ್ಳಿ! ನನ್ನ ನಡಿಸೇಬಿಟ್ಟೆಲ್ಲ!"

"ರಾಜ ಬರೋದು ನೋಡಿದೆ ಅಜ್ಜಾರ. ಇನ್ನ ಒಳಗ ಹೆಂಗ ಹೋಗತಾನ ತೋರಸ್ರಿ. ಹಾಸಿಗಿ ಅಲ್ಲೈತಿ."

ನಗು ತಡೆಯಲಾರದ ಗುರುಸಿದ್ದಪ್ಪ ಮತ್ತಷ್ಟು ಗತ್ತಿನಿಂದ ಹಾಸಿಗೆಯ ಕಡೆ ಹೊರಟ.